ಡ್ರ್ಯಾಗನ್‌ಗೊಂದು ಸೋಬಾನೆ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ವಿದ್ಯುತ್ ಮಗ್ಗ. ಆ ಲಟಪಟದ ನಡುವೆ ಕೂತು, ಸತ್ತ ಡ್ರ್ಯಾಗನ್ ಮೇಲೊಂದು ಹಾಡು ರೆಕಾರ್ಡ್ ಮಾಡಲು ಹೊರಟವರು ನಾನು ಮತ್ತು ನನ್ನ ಗೆಳತಿ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಹೊಸತು, ನಾವು ಪಿಯುಸಿಯಲ್ಲಿದ್ದೆವು.

ಆ ಡ್ರ್ಯಾಗನ್ ಒಂದು ಇಂಗ್ಲಿಷ್ ಕಾದಂಬರಿ ಸರಣಿಯದು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೆವು. ಮೂರನೆಯ ಪುಸ್ತಕದಲ್ಲಿ ಅದು ಸತ್ತ ದಿನ ಇಬ್ಬರಿಗೂ ಊಟ ಸೇರಲಿಲ್ಲ. ಬೆಂಗಳೂರಿನಲ್ಲಿ ಆ ಪುಸ್ತಕಗಳ ಅಭಿಮಾನಿಗಳು ಸೇರುವವರಿದ್ದರು. ತಾವೇ ಕಟ್ಟಿದ ಹಾಡು ಕಳಿಸಿದರೆ, ಒಪ್ಪಿಗೆಯಾದದ್ದನ್ನು ಸಭೆಯಲ್ಲಿ ಕೇಳಿಸುತ್ತಾರಂತೆ. ನಮ್ಮದು ಅಲ್ಲಿ ಕೇಳಿಸಲೇಬೇಕೆಂದು ನನಗೆ ಹಟ.

"ಕನ್ನಡ್ದಲ್ಲಿ ಹಾಡಿದ್ರೆ ನಗ್ತಾರೆ ಕಣೇ," ಎಂದು ಗೆಳತಿಗೆ ಅಳುಕು.

ನಮಗೆ ಬರುತ್ತಿದ್ದುದು ಮದುವೆಮನೆಯ ಸೋಬಾನೆ ಧಾಟಿಯೊಂದೇ: ಒಬ್ಬರು ಹೇಳಿದ ಸಾಲನ್ನು ಉಳಿದವರೆಲ್ಲ ಎತ್ತಿಕೊಳ್ಳುವುದು. ಉಂಡೆಗೆ ನೂಲು ಸುತ್ತುತ್ತಿದ್ದ ಅಮ್ಮ ಕೇಳಿ ಬೈದಳು: "ಸತ್ತೋರಿಗೆ ಯಾರಾದ್ರೂ ಸೋಬಾನೆ ಹೇಳ್ತಾರೇನ್ರೇ?"

ಕರೆಂಟು ಹೋದಾಗ ರೆಕಾರ್ಡ್ ಮಾಡೋಣವೆಂದರೆ ಅದೂ ಆಗದು. ಮಗ್ಗ ನಿಂತ ಕೂಡಲೇ ಬೀದಿಯ ಹೆಂಗಸರೆಲ್ಲ ಜಗಲಿಗೆ ಬಂದು ಮಾತಿಗೆ ಕೂರುತ್ತಿದ್ದರು. ವಾರಗಟ್ಟಲೆ ಹೀಗೇ ಕಳೆಯಿತು. ಹಾಡು ಕಳಿಸುವ ಕೊನೆಯ ದಿನ ಬಂದೇಬಿಟ್ಟಿತು. ಆದದ್ದಾಗಲಿ ಎಂದು ಮೊಬೈಲ್ ಹಿಡಿದು, ಮಗ್ಗದ ಸದ್ದಿನ ಮೇಲೆಯೇ ಗಂಟಲು ಹರಿಯುವಂತೆ ಹಾಡಿದೆವು. ಡ್ರ್ಯಾಗನ್ ನೆಲಕ್ಕುರುಳುವ ಸಾಲಿಗೆ ಸರಿಯಾಗಿ ಕರೆಂಟು ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ನಾವು ನಿಲ್ಲಿಸಲಿಲ್ಲ. "ಏಳೋ ನನ್ನ ಬೆಂಕಿಯುಸಿರೇ" ಎಂಬ ಸೊಲ್ಲು ನಮ್ಮಿಬ್ಬರದೇ ದನಿಯಲ್ಲಿ ಹೋಯಿತು. ಮರುಸಲ ಅದನ್ನು ಎತ್ತಿಕೊಂಡವಳು ಅಮ್ಮ. ಅವಳ ಹಿಂದೆಯೇ ಜಗಲಿಗೆ ಬಂದ ಹೆಂಗಸರೆಲ್ಲ ಸೇರಿದರು. ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು. ಕರೆಂಟು ಬಂದ ಮೇಲೆ ಬ್ರೌಸಿಂಗ್ ಸೆಂಟರಿಗೆ ಓಡಿ, ಹಾಗೇ ಕಳಿಸಿದೆವು.

ಹಾಡು ಒಪ್ಪಿಗೆಯಾಯಿತು. ಇಬ್ಬರೂ ಬೆಂಗಳೂರಿಗೆ ಹೋದೆವು. ಸಭೆಯಲ್ಲಿ ಉಳಿದವರದೆಲ್ಲ ಗಿಟಾರು, ಇಂಗ್ಲಿಷು. ನಮ್ಮದು ಶುರುವಾದಾಗ ಸ್ಪೀಕರ್ ಕೆಟ್ಟಿದೆಯೆಂದುಕೊಂಡು ಒಬ್ಬ ಎದ್ದ. ಅಷ್ಟರಲ್ಲಿ ಮಗ್ಗ ನಿಂತಿತು. ಎದ್ದವನೂ ನಿಂತಲ್ಲೇ ನಿಂತ. ಹೆಂಗಸರ ದನಿ ಏಳುವಾಗ ನನ್ನ ಮುಂದಿದ್ದ ಹುಡುಗಿ ಕಣ್ಣೊರೆಸಿಕೊಂಡಳು. ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ.

"ಆ ಸೈಲೆನ್ಸ್ ಹೇಗ್ ಪ್ಲಾನ್ ಮಾಡಿದ್ರಿ?" ಎಂದು ಯಾರೋ ಕೇಳಿದರು.

ಗೆಳತಿ ಮೈಕು ಹಿಡಿದಳು. "ಕರೆಂಟಿನೋರು ನಮ್ಮೂರಲ್ಲಿ ದಿನಾ ಮಾಡ್ತಾರೆ."

ಎಲ್ಲರೂ ನಕ್ಕರು. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಹಾಡನ್ನು ಇನ್ನೊಮ್ಮೆ ಹಾಕಿದಾಗ ಸಭೆಗೆ ಸಭೆಯೇ ಸೊಲ್ಲು ಎತ್ತಿಕೊಂಡಿತು, ಕನ್ನಡದಲ್ಲೇ. ನನಗೆ ಹೆಮ್ಮೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಮನೆಗೆ ಬಂದು ಇಷ್ಟನ್ನೂ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ನನ್ ದನಿ ಕೇಳುಸ್ತಾ?"

"ಎತ್ಕೊಂಡೋರಲ್ಲಿ ಮೊದ್ಲು ಕೇಳ್ಸಿದ್ದೇ ನಿಂದು."

ಅಮ್ಮ ಉಂಡೆ ಕೆಳಗಿಟ್ಟಳು. "ಹಂಗಾದ್ರೆ ಇನ್ನೊಂದ್ ಕಟ್ರಿ. ಈ ಸಲ ನಾನೇ ಹೇಳ್ಕೊಡ್ತೀನಿ, ನೀವ್ ಎತ್ಕೊಳ್ಳಿ."