ಕಿಟಕಿಗೆ ಹೊಡೆದ ಪ್ಲೈವುಡ್

ಹವಳ ಅಂದರೆ ನನಗೆ ಗೊತ್ತಿದ್ದದ್ದು ಅಮ್ಮನ ಸರದ ಕೆಂಪು ಮಣಿ ಮಾತ್ರ. ಅದಕ್ಕೆ ಜೀವ ಇರುತ್ತದೆ, ಬೆಳಕು ಹೆಚ್ಚುಕಡಿಮೆಯಾದರೆ ಮುನಿಸಿಕೊಳ್ಳುತ್ತದೆ ಎಂದು ತಿಳಿದದ್ದು, ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ, ನನ್ನ ಗಂಡ ಕುಕ್ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟ ಮೇಲೆ. ಇಟ್ಟದ್ದೆಲ್ಲಿ? ಕಿಟಕಿಯ ಪಕ್ಕ, ನನ್ನ ಹೊಲಿಗೆ ಮಿಷನ್ ಇದ್ದ ಜಾಗದಲ್ಲಿ.

ನನ್ನ ಹೊಲಿಗೆಯಿಂದ ಮನೆ ನಡೆಯಬೇಕಾಗಿರಲಿಲ್ಲ, ನಿಜ. ಆದರೆ ಆ ಕಿಟಕಿಯ ಬೆಳಕಿನಲ್ಲಿ ಕೂತು ರವಿಕೆ ಹೊಲಿಯುವ ಹೊತ್ತೊಂದೇ ಆ ಮನೆಯಲ್ಲಿ ನನ್ನದಾಗಿತ್ತು. ಮಿಷನ್ ಅಡುಗೆಮನೆಗೆ ಹೋಯಿತು.

ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಕಟ್ಟುತ್ತದೆಂದು ಕಿಟಕಿಗೆ ಪ್ಲೈವುಡ್ ಹೊಡೆಸಿದರು. ಪುಕ್ಕಟೆ ಬರುವ ಸೂರ್ಯನನ್ನು ಹೊರಗಿಟ್ಟು ತೊಟ್ಟಿಯ ಮೇಲೆ ದೀಪ ತೂಗುಹಾಕಿದರು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಬೆಳಕು ಅಳೆಯುವ ಮೀಟರ್ ಬಂತು. ಅದರ ವೈರಿನ ತುದಿಯ, ಬೆಳಕು ಹಿಡಿಯುವ ಬಿಲ್ಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ನೀರಿಗಿಳಿಸಿ, ಒಂದೊಂದು ಹವಳದ ಪಕ್ಕವೂ ಉಸಿರು ಬಿಗಿಹಿಡಿದು ನೋಡುವರು. "ಪಾಪ, ಇದಕ್ಕೆ ಸಾಲ್ತಿಲ್ಲ ಕಣೇ," ಅಂದು ಅದನ್ನು ನಾಲ್ಕು ಬೆರಳು ಮೇಲಕ್ಕೆ ಇಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಡುಗೆಮನೆಯ ಮಂಕು ಟ್ಯೂಬ್‌ಲೈಟಿನಲ್ಲಿ ಒಂದು ದಿನ ಕಪ್ಪು ರವಿಕೆಗೆ ಕಡುನೀಲಿ ದಾರ ಹಾಕಿ ಹೊಲಿದುಬಿಟ್ಟೆ. ಹೊಲಿಯಲು ಕೊಟ್ಟಿದ್ದ ಹಿಂದಿನ ಬೀದಿಯಾಕೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಏನಕ್ಕಾ, ಕಣ್ ಕಾಣಲ್ವಾ ನಿಮ್ಗೆ?" ಅಂದಳು. ಆಮೇಲೆ ಅವಳೂ ಬರಲಿಲ್ಲ, ಅವಳ ನೆಂಟರೂ ಬರಲಿಲ್ಲ.

ಅವತ್ತು ಸಂಜೆ ಮೀಟರ್ ತಂದು ಮಿಷನ್ನಿನ ಸೂಜಿಯ ಕೆಳಗಿಟ್ಟು ಅವರನ್ನು ಕರೆದೆ.

"ರೀ, ನೋಡಿ ಇಲ್ಲಿ. ನಿಮ್ಮ ತೊಟ್ಟಿ ತಳದ ಮರಳಿಗೂ ಇದಕ್ಕಿಂತ ಜಾಸ್ತಿ ಬೆಳಕಿದೆ."

ಅವರು ಬಗ್ಗಿ ಓದಿದರು. "ಹೌದಲ್ಲ! ಇಷ್ಟರಲ್ಲಿ ಏನೂ ಬದುಕಲ್ಲ ಬಿಡು," ಅಂದರು. ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ಮೀಟರ್ ಇಸಿದುಕೊಂಡು ಹೋದರು.

ತಮಾಷೆಗೆ ಅಂದದ್ದಲ್ಲ, ನೋಯಿಸಲೆಂದೂ ಅಂದದ್ದಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮಿಷನ್ನಿಗೆ ಹಳೆ ಸೀರೆ ಮುಚ್ಚಿದೆ.

ಮುಂದೆ ಇನ್ನೂ ಜೋರಾದ ದೀಪ ತಂದರು. ಬೆಳಕು ಅತಿಯಾಗಿ ಹವಳಗಳು ಸುಣ್ಣದ ಹಾಗೆ ಬೆಳ್ಳಗಾಗಿ ಸತ್ತವು. ಅವರು ಆಫೀಸಿಗೆ ರಜೆ ಹಾಕಿ ತೊಟ್ಟಿಯ ಮುಂದೆ ಕೂತರು. ನನಗೆ ಅಯ್ಯೋ ಅನ್ನಿಸಲಿಲ್ಲ. ಶಿವಾಜಿನಗರದ ಮೀನಿನ ಅಂಗಡಿಯವನು ತೊಟ್ಟಿ ಹೊರಿಸಿಕೊಂಡು ಹೋದ ದಿನ ಮಿಷನ್ನನ್ನು ನಾನೇ ಮುಂದಿನ ಕೋಣೆಗೆ ಎಳೆದು ತಂದು, "ಮೊದಲು ಆ ಪ್ಲೈವುಡ್ ಕೀಳ್ರಿ," ಅಂದೆ.

ಕಿತ್ತರು. ಪಕ್ಕದ ಹಳೆ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುತ್ತಿದ್ದುದನ್ನು ಗೇಟಿನಿಂದ ದಿನವೂ ನೋಡಿದ್ದೆ. ಅದು ನನ್ನ ಕಿಟಕಿಗೆ ಎಷ್ಟು ಹತ್ತಿರ ಬಂದಿದೆ ಎಂದು ನೋಡಲು ನನಗೆ ಕಿಟಕಿಯೇ ಇರಲಿಲ್ಲವಲ್ಲ. ಕಂಬಿಯಾಚೆ, ಕೈ ಚಾಚಿದರೆ ತಾಗುವ ಹಾಗೆ, ಸಿಮೆಂಟಿನ ಗೋಡೆ ನಿಂತಿತ್ತು.

ಅವರು ಹೋಗಿ ಮೀಟರ್ ತಂದು ಕಿಟಕಿಗೆ ಹಿಡಿದರು. ಓದಿ ಹೇಳಲು ಬಾಯಿ ತೆರೆದರು.

"ಹೇಳ್ಬೇಡಿ," ಅಂದೆ.

ಮಿಷನ್ ಮತ್ತೆ ಅಡುಗೆಮನೆಗೆ ಹೋಯಿತು. ಈಗ ಅದರ ಮೇಲೆ ಮಿಕ್ಸಿ ಇಟ್ಟಿದ್ದೇನೆ.