ಅತ್ತೆಯ ಬೆಕ್ಕಿನ ಜ್ವರ

ನಮ್ಮ ಅತ್ತೆ ಬೆಕ್ಕಿನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು, ನನ್ನ ಜೊತೆ ಕನ್ನಡದಲ್ಲಿ. ಅವರ ತವರು ಗಡಿಯಾಚೆ, ಆಂಧ್ರದ ಕಡೆ. ಪ್ರೀತಿ ಬಂದಾಗ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ನನಗೆ ಇದು ಗೊತ್ತಾದದ್ದು ಬೆಕ್ಕಿನಿಂದ. ಮನೆಯಲ್ಲಿ ಬೇರೆ ಯಾರ ಹತ್ತಿರವೂ ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. "ರಾವೇ ತಲ್ಲೀ, ಪಾಲು ತಾಗು", ಬಾರೇ ತಾಯಿ, ಹಾಲು ಕುಡಿ, ಎಂದು ಕರೆದು ಬಟ್ಟಲಲ್ಲಿ ಹಾಲು ಇಟ್ಟು, ಅದು ಕುಡಿದು ಮುಗಿಸುವವರೆಗೂ ಎದುರಿಗೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತಿದೀಯಾ, ಹೋಗಿ ಸೊಪ್ಪು ಹೆಚ್ಚು" ಅನ್ನುತ್ತಿದ್ದರು.

ನಾನು ಮಾಲೂರು ಕಡೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಬೈರಕೂರಿಗೆ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ರೇಷ್ಮೆಹುಳು ಸಾಕುವ ಮನೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ, ಅವರ ಒಬ್ಬನೇ ಮಗ, ನಾನು, ಬೆಕ್ಕು, ಇಷ್ಟೇ ಜನ. ಬೆಕ್ಕನ್ನು ಜನರ ಲೆಕ್ಕಕ್ಕೆ ಸೇರಿಸಿದ್ದು ನಾನಲ್ಲ, ಅತ್ತೆ. ಇಲಿ, ಹಲ್ಲಿ ಹುಳುಮನೆಗೆ ನುಗ್ಗಿದರೆ ತಟ್ಟೆಗಟ್ಟಲೆ ಹುಳು ಖಾಲಿಯಾಗುತ್ತವೆ, ಅದಕ್ಕೇ ಎಲ್ಲ ಮನೆಗಳಲ್ಲೂ ಬೆಕ್ಕು ಇರುತ್ತಿತ್ತು. ಆದರೆ ನಮ್ಮನೆಯದು ಕೆಲಸದ ಬೆಕ್ಕಾಗಿರಲಿಲ್ಲ. ಕಂದು ಪಟ್ಟೆಯ, ದಟ್ಟ ಕೂದಲಿನ ಹೆಣ್ಣು ಬೆಕ್ಕು. ಕಣ್ಣು ಬಿಡದ ಮರಿಯಾಗಿದ್ದಾಗ ಅತ್ತೆ ಅದಕ್ಕೆ ಬತ್ತಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದರಂತೆ. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ನಾನು ಬಂದ ಹೊಸತರಲ್ಲಿ ಒಮ್ಮೆ ಎತ್ತಿಕೊಳ್ಳಲು ಹೋದೆ. "ನಿನ್ ಕೈಯಲ್ಲಿ ಹಿಡೀಬೇಡ, ಅದು ಹೆದರ್ಕೊಳ್ತದೆ" ಅಂದರು. ಅದು ಹೆದರಿರಲಿಲ್ಲ. ನಾನು ಕೈ ತೆಗೆದೆ.

ಮದುವೆಯಾದ ವರ್ಷದ ಚಳಿಗಾಲದಲ್ಲಿ ಬೆಕ್ಕು ಮಂಕಾಯಿತು. ಮೊದಲು ಅಟ್ಟ ಹತ್ತುವುದನ್ನು ಬಿಟ್ಟಿತು. ಆಮೇಲೆ ಬಚ್ಚಲ ಪಕ್ಕದ ಮಣ್ಣಿನ ಬಾನಿಗೆ ಒರಗಿ ದಿನವಿಡೀ ಮುದುರಿಕೊಂಡು ಕೂರತೊಡಗಿತು. ಮೈ ನೆಕ್ಕಿಕೊಳ್ಳುವುದನ್ನೂ ನಿಲ್ಲಿಸಿದ್ದರಿಂದ ಕೂದಲು ಗಂಟುಗಂಟಾಯಿತು. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಮೇಲೆ ಬಂದು ಅರ್ಧ ಕಣ್ಣು ಮುಚ್ಚಿತು. ಅತ್ತೆ ಅಂಗೈ ಹಿಂಭಾಗದಿಂದ ಅದರ ಕಿವಿ ಮುಟ್ಟಿ ನೋಡಿ, "ಕಾಯ್ತಾ ಇದೆ" ಅಂದರು. ಹುಳುಗಳು ಪೊರೆ ಬಿಡುವ ಮೊದಲು ತಿನ್ನುವುದನ್ನು ಬಿಟ್ಟು ಅಲುಗಾಡದೆ ನಿಲ್ಲುತ್ತವೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. "ಇದೂ ಜ್ವರಕ್ಕೆ ಕೂತದೆ, ತಾನೇ ಏಳ್ತದೆ" ಎಂದು ಅತ್ತೆ ಮಗನಿಗೆ ಹೇಳಿದರು.

ಹುಳು ಎದ್ದವು. ಬೆಕ್ಕು ಏಳಲಿಲ್ಲ.

ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬಂದು ನಾನು ಕೆಮ್ಮಿದೆ. ದೃಷ್ಟಿಯಿದ್ದರೆ ಘಾಟು ಬರುವುದಿಲ್ಲ ಅನ್ನುವುದು ಅವರ ನಂಬಿಕೆ. ಹಾಗಾಗಿ ಅದು ದೃಷ್ಟಿಯಲ್ಲ, ಬೇರೆ ಏನೋ ಎಂದಾಯಿತು. ಬೇರೆ ಏನೋ ಎಂದರೆ ಮನೆಗೆ ಹೊಸದಾಗಿ ಬಂದದ್ದು ನಾನೊಬ್ಬಳೇ.

"ಏನ್ ಹಾಕ್ದೆ ಅದಕ್ಕೆ?" ಎಂದು ಬೆಳಿಗ್ಗೆ ಕೇಳಿದರು.

"ಏನೂ ಹಾಕ್ಲಿಲ್ಲ ಅತ್ತೆ."

"ಮೀನಿನ್ ಮುಳ್ಳು ಹಾಕಿರ್ಬೇಕು. ಇಲ್ದಿದ್ರೆ ಒದ್ದಿರ್ಬೇಕು. ಗಂಟ್ಲ ಹತ್ರ ಕೈ ಇಟ್ರೆ ಗುರ್ ಅಂತದೆ."

ಅದು ನಿಜ. ತಲೆ ಸವರಿದರೆ, ಬೆನ್ನು ಸವರಿದರೆ ಸುಮ್ಮನಿರುತ್ತಿತ್ತು. ಗದ್ದದ ಕೆಳಗೆ ಬೆರಳು ಹೋದರೆ ಹಲ್ಲು ತೋರಿಸುತ್ತಿತ್ತು. ಅತ್ತೆ ಅಲ್ಲಿ ಮುಟ್ಟುವುದನ್ನು ಬಿಟ್ಟಿದ್ದರು. ನಾನು ಮುಟ್ಟುವ ಮಾತೇ ಇರಲಿಲ್ಲ.

ಆ ದಿನ ಮಧ್ಯಾಹ್ನ ಅವರು ಹಾಲು ಇಟ್ಟರು. ಬೆಕ್ಕು ಮೂಸಿ ಮುಖ ತಿರುಗಿಸಿತು. ಹಾಲು ಕಾಯಿಸಿದ್ದು ನಾನು. ಅತ್ತೆ ಬಟ್ಟಲನ್ನು ಎತ್ತಿ ನನ್ನ ಮುಂದೆ ಹಿಡಿದರು.

"ನೀನ್ ಕುಡಿ."

ನನಗೆ ಮೊದಲು ಅರ್ಥವಾಗಲಿಲ್ಲ. ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ಊಟಕ್ಕೆ ಕಾಯುತ್ತಿದ್ದರು.

"ಏನೂ ಹಾಕಿಲ್ಲ ಅಂದ್ಯಲ್ಲ. ಹಂಗಿದ್ರೆ ಕುಡಿ, ನೋಡೋಣ."

ನಾನು ಗಂಡನ ಕಡೆ ನೋಡಿದೆ. ಅವರು, "ಕುಡ್ದ್ಬಿಡು, ಒಂದ್ಸಲಕ್ಕೆ ಮುಗೀತದೆ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಸಿವಾಗಿತ್ತು, ಅಷ್ಟೇ. ನಾನು ಬಟ್ಟಲು ತೆಗೆದುಕೊಂಡು ಕುಡಿದೆ. ಹಾಲಿನ ಮೇಲೆ ಬೆಕ್ಕಿನ ಕೂದಲು ಒಂದು ತೇಲುತ್ತಿತ್ತು, ಅದು ನಾಲಿಗೆಗೆ ಅಂಟಿತು. ನಾನು ಸಾಯುತ್ತೇನೋ ಎಂದು ಅತ್ತೆ ಸಂಜೆಯವರೆಗೆ ಆಗಾಗ ಅಡಿಗೆಮನೆಗೆ ಬಂದು ನೋಡಿ ಹೋದರು. ನಾನು ರಾಗಿಮುದ್ದೆ ತೊಳಸುತ್ತಿದ್ದೆ. ಏನೂ ಆಗಲಿಲ್ಲ. ಅವರಿಗೆ ಅದರಿಂದ ಸಮಾಧಾನವೂ ಆಗಲಿಲ್ಲ.

ಮುಳಬಾಗಿಲಿನ ಹತ್ತಿರ ಕೆಲಸದಿಂದ ನಿವೃತ್ತರಾದ ಒಬ್ಬ ದನದ ಡಾಕ್ಟರಿದ್ದರು. ಬೆಕ್ಕನ್ನು ಕುಕ್ಕೆಯಲ್ಲಿ ಹಾಕಿ, ಮೇಲೆ ನನ್ನ ಹಳೆ ಸೀರೆಯ ತುಂಡು ಕಟ್ಟಿ, ನನ್ನ ಗಂಡ ಸೈಕಲ್ಲಿನಲ್ಲಿ ತೆಗೆದುಕೊಂಡು ಹೋದರು. ಡಾಕ್ಟರು ಕುಕ್ಕೆಯೊಳಗೆ ಇಣುಕಿ, ಬೆಕ್ಕಿಗೂ ಆಸ್ಪತ್ರೆಯಾ ಎಂದು ನಕ್ಕರಂತೆ. ಜ್ವರ ಇದೆ ಎಂದು ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಬೆಕ್ಕು ಎದ್ದು ಹಾಲು ಕುಡಿಯಿತು, ಅಂಗಳದವರೆಗೂ ನಡೆಯಿತು. ಅತ್ತೆ ನನ್ನ ಜೊತೆ ಮಾಮೂಲಿನಂತೆ ಮಾತಾಡಿದರು, ಅಂದರೆ ಬರೀ ಕೆಲಸ ಹೇಳಿದರು. ಆ ವಾರ ಮುಗಿಯುವ ಮೊದಲೇ ಬೆಕ್ಕು ಮತ್ತೆ ಬಾನಿಯ ಪಕ್ಕ ಸೇರಿತು. ಈ ಸಲ ಅದರ ಹತ್ತಿರ ಹೋದರೆ ಒಂದು ವಾಸನೆ ಬರುತ್ತಿತ್ತು, ಸತ್ತ ಹುಳು ಕೊಳೆತಂಥ ಸಿಹಿ ವಾಸನೆ. ನಾನು ಅದನ್ನು ಹೇಳಿದೆ.

"ಅತ್ತೆ, ಎಲ್ಲೋ ಗಾಯ ಇದೆ ಅನ್ಸ್ತದೆ. ಕೀವಿನ ವಾಸನೆ ಬರ್ತಿದೆ."

"ಎಲ್ಲಿ ಗಾಯ ಮಾಡಿದೀಯಾ ಅಂತ ನಿನಗೇ ಗೊತ್ತಿರ್ಬೇಕು" ಅಂದರು.

ಅವತ್ತಿನಿಂದ ನನ್ನನ್ನು ಹುಳುಮನೆಗೆ ಬಿಡಲಿಲ್ಲ. ನನ್ನ ಕೈ ಒಳ್ಳೆಯದಲ್ಲ ಅಂದರು. ಬೀದಿಯ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಬಿಂದಿಗೆ ಸರಿಸಿ ಜಾಗ ಬಿಡತೊಡಗಿದರು. ಮರ್ಯಾದೆಗೆ ಬಿಟ್ಟ ಜಾಗವಲ್ಲ ಅದು.

ಕೊನೆಗೆ ಕೋಲಾರಕ್ಕೇ ಹೋಗುವುದೆಂದಾಯಿತು. ಮಗನಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೆಲಸವಿತ್ತು. ಅತ್ತೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿ ಅಭ್ಯಾಸವಿಲ್ಲ, ಬೋರ್ಡು ಓದಲು ಬರುವುದಿಲ್ಲ. ನನಗೆ ಓದಲು ಬರುತ್ತಿತ್ತು. ಕುಕ್ಕೆ ಅವರ ತೊಡೆಯ ಮೇಲೆ, ನಾನು ಪಕ್ಕದಲ್ಲಿ. ದಾರಿಯುದ್ದಕ್ಕೂ ಅವರು ಕುಕ್ಕೆಯೊಳಗೆ ಬೆರಳು ತೂರಿಸಿ, "ಭಯಪಡೊದ್ದಮ್ಮಾ, ನೇನುನ್ನಾನು" ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದರು. ನಾನಿದ್ದೇನೆ, ಹೆದರಬೇಡ ಎಂದು. ಆ ದಿನಗಳಲ್ಲಿ ನನಗೆ ಯಾರಾದರೂ ಆ ಮಾತು ಹೇಳಿದ್ದರೆ ಬಸ್ಸೆಂದೂ ನೋಡದೆ ಅತ್ತುಬಿಡುತ್ತಿದ್ದೆನೋ ಏನೋ.

ಅಲ್ಲಿ ಕೇಳಿಕೊಂಡು ಹೋಗಿ ತೋರಿಸಿದ ಡಾಕ್ಟರಿಗೆ ಇನ್ನೂ ವಯಸ್ಸಾಗಿರಲಿಲ್ಲ. ಒರಟು ಮನುಷ್ಯ. ನಮ್ಮ ಕಡೆ ನೋಡಲೂ ಇಲ್ಲ. ಬೆಕ್ಕನ್ನು ಮೇಜಿನ ಮೇಲೆ ಇಟ್ಟು ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. ತುಟಿ ಮೇಲೆತ್ತಿ ಒಸಡು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಎಷ್ಟು ದಿನದಿಂದ, ಇಂಜೆಕ್ಷನ್ ಕೊಟ್ಟಾಗ ಇಳಿಯಿತೇ, ಮತ್ತೆ ಬಂತೇ ಎಂದು ಕೇಳಿದರು. ಇಳಿದು ಮತ್ತೆ ಬಂತು ಎಂದು ನಾನು ಹೇಳಿದೆ. ಡಾಕ್ಟರು ಬಗ್ಗಿ ಮೂಸಿದರು.

"ಗಟ್ಟಿಯಾಗಿ ಹಿಡ್ಕೊಳಮ್ಮ" ಎಂದು ನನಗೆ ಹೇಳಿದರು.

ಜೀವನದಲ್ಲಿ ಮೊದಲ ಸಲ ನಾನು ಆ ಬೆಕ್ಕನ್ನು ಹಿಡಿದದ್ದು ಆಗ. ಅದರ ಮೈ ಕೆಂಡದ ಹಾಗಿತ್ತು. ಕೂದಲಿನೊಳಗೆ ಮೂಳೆ ಮಾತ್ರ ಉಳಿದಿತ್ತು. ಡಾಕ್ಟರು ಕತ್ತರಿಯಿಂದ ಕುತ್ತಿಗೆಯ ಕೂದಲು ತೆಗೆಯುತ್ತ ಹೋದರು. ಕೂದಲ ಕೆಳಗೆ ಕಪ್ಪಗೆ ಒಣಗಿದ ಪೊರೆ, ಅದರ ಕೆಳಗೆ ಕುತ್ತಿಗೆಯ ಸುತ್ತ ಬಳೆಯ ಹಾಗೆ ಒಂದು ಗಾಯ. ಕೀವು ಹೊರಗೆ ಬಂತು. ಗಾಯದೊಳಗೆ ಚಿಮ್ಮಟ ಇಟ್ಟು ಡಾಕ್ಟರು ಏನನ್ನೋ ಹುಡುಕಿ ಎತ್ತಿದರು. ದಾರ. ಬೆಕ್ಕು ಕೂಗಿದ ಕೂಗನ್ನು ನಾನು ಬರೆಯಲಾರೆ. ಅದು ನನ್ನ ಮುಂಗೈಯನ್ನು ಉದ್ದಕ್ಕೆ ಸೀಳಿತು. ನಾನು ಬಿಡಲಿಲ್ಲ.

ದಾರ ಕತ್ತರಿಸಿ ಎಳೆದು ತಟ್ಟೆಗೆ ಹಾಕಿದರು. ಅದರಲ್ಲಿ ಸಣ್ಣ ತಾಮ್ರದ ತಾಯಿತ ಇತ್ತು. ಹತ್ತಿದಾರವಾಗಿದ್ದರೆ ಯಾವಾಗಲೋ ಕೊಳೆತು ಉದುರುತ್ತಿತ್ತು. ಅದು ಕರಿ ಬಣ್ಣ ಹಾಕಿದ ರೇಷ್ಮೆ ಹುರಿ. ಮರಿಗೆ ಕಟ್ಟಿದ್ದು, ಬೆಕ್ಕು ಬೆಳೆದಂತೆ ಚರ್ಮದೊಳಗೆ ಇಳಿದಿತ್ತು.

"ಇದನ್ನ ಕಟ್ಟಿದ್ದು ಯಾರು?" ಎಂದು ಡಾಕ್ಟರು ಕೇಳಿದರು.

ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. "ಇವ್ಳು" ಅಂದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಓದಿದೋಳ್ ಥರ ಕಾಣ್ತೀಯಲ್ಲಮ್ಮ? ಬೆಳೆಯೋ ಪ್ರಾಣಿಗೆ ಹಿಂಗ್ ಬಿಗೀತಾರಾ? ಒಂದೂವರೆ ಎರಡು ವರ್ಷದಿಂದ ಕುತ್ತಿಗೆ ಕುಯ್ತಾ ಇದೆ ಇದು."

"ನಾನ್ ಆ ಮನೆಗೆ ಬಂದು ಇನ್ನೂ ವರ್ಷ ಆಗಿಲ್ಲ ಸಾರ್" ಅಂದೆ.

ಅವರು ನಮ್ಮಿಬ್ಬರನ್ನೂ ನೋಡಿ ಗಾಯ ತೊಳೆಯತೊಡಗಿದರು. ನನ್ನ ಕೈಯ ಗಾಯಕ್ಕೂ ಒಂದಿಷ್ಟು ಅಯೋಡಿನ್ ಸುರಿದರು. ಉರಿ ಹತ್ತಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರು.

ವಾಪಸ್ ಬಸ್ಸಿನಲ್ಲಿ ಕುಕ್ಕೆ ನನ್ನ ತೊಡೆಯ ಮೇಲಿತ್ತು. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಮುಳಬಾಗಿಲು ದಾಟಿದ ಮೇಲೆ ಒಂದೇ ಮಾತು ಆಡಿದರು.

"ಹೊರಗಿನೋರ್ ಮುಂದೆ ನನ್ ಮಾನ ಕಳದ್ಯಲ್ಲ."

ಬೆಕ್ಕಿಗೆ ಜ್ವರ ಬಿಟ್ಟಿತು. ಗಾಯಕ್ಕೆ ಪುಡಿ ಹಾಕಿದ್ದು, ಅನ್ನ ಕಲಸಿ ಇಟ್ಟದ್ದು ನಾನು. ಈಗ ನನ್ನನ್ನು ತಡೆಯುವವರಿರಲಿಲ್ಲ. ಕುತ್ತಿಗೆಯ ಸುತ್ತ ಕೂದಲು ಹುಟ್ಟದ ಒಂದು ಗೆರೆ ಉಳಿಯಿತು, ದೂರದಿಂದಲೂ ಕಾಣುತ್ತಿತ್ತು. ಓಡಾಡುವಂತಾದ ಮೇಲೆ ಬೆಕ್ಕು ಹಳೆಯ ಅಭ್ಯಾಸದಂತೆ ಅತ್ತೆಯ ಮಡಿಲಿಗೇ ಹೋಯಿತು. ಅವರು ಕಾಲಿಂದ ದೂಡಿದರು. ಅದು ಮತ್ತೆ ಹೋಯಿತು. "ಹೋಗತ್ಲಾಗೆ" ಅಂದರು. ಅದರ ಜೊತೆಯೂ ಅವರು ಕನ್ನಡದಲ್ಲಿ ಮಾತಾಡತೊಡಗಿದ್ದರು.

ಆ ಗೆರೆಯನ್ನು ನೋಡಿದವರೆಲ್ಲ ಏನಾಯಿತು ಎಂದು ಕೇಳುತ್ತಿದ್ದರು. ಅತ್ತೆ ಪ್ರತಿಯೊಬ್ಬರಿಗೂ ಹೇಳಿದರು: ಸೊಸೆ ದಾರ ಬಿಗಿದಿದ್ದಳು, ನಾನು ಕೋಲಾರಕ್ಕೆ ಹೊತ್ತುಕೊಂಡು ಹೋಗಿ ಜೀವ ಉಳಿಸಿದೆ. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವಾಯಿತೋ ಏನೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಆದರೆ ಬೆಕ್ಕು ಕಣ್ಣೆದುರಿಗೆ ಇದ್ದಷ್ಟು ದಿನ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಂದು ದಿನ ಮಗನನ್ನು ಕರೆದು, "ಇದನ್ನ ಎಲ್ಲಾದ್ರೂ ಬಿಟ್ಟು ಬಾ. ತಿರ್ಗಿ ಬರಬಾರ್ದು" ಅಂದರು.

ನಾನು ಗಂಡನ ಹಿಂದೆ ಅಂಗಳದವರೆಗೂ ಹೋದೆ. "ಬೇಡಾರೀ, ನಾನ್ ನೋಡ್ಕೋತೀನಿ. ಹಿತ್ಲಲ್ಲಿ ಇರ್ಲಿ."

"ಅಮ್ಮ ಹೇಳಿದ್ರಲ್ಲ" ಅಂದರು. ಗೋಣಿಚೀಲದ ಬಾಯಿ ಕಟ್ಟಿ ಸೈಕಲ್ಲಿನ ಹಿಂದೆ ಇಟ್ಟುಕೊಂಡರು. ಚೀಲ ಅಲುಗಾಡುತ್ತಿತ್ತು. ಶ್ರೀನಿವಾಸಪುರದ ಕಡೆ ಒಂದು ಮಾವಿನ ಮಂಡಿಯ ಹಿಂದೆ ಬಿಟ್ಟೆ ಎಂದು ಸಂಜೆ ಬಂದು ಹೇಳಿದರು. ಮಾವಿನ ಕಾಲವಾಗಿರಲಿಲ್ಲ. ಮಂಡಿಗಳೆಲ್ಲ ಮುಚ್ಚಿದ್ದವು.

ಬೇಸಿಗೆಯಲ್ಲಿ ಆ ಕಡೆ ಒಂದು ಮದುವೆಗೆ ಹೋದಾಗ ನಾನು ನೆಪ ಹೇಳಿ ಮಂಡಿಯ ಹಿಂದಕ್ಕೆ ಹೋಗಿ ಹುಡುಕಿದೆ. ಹುಲ್ಲಿನ ರಾಶಿ, ಕೊಳೆತ ಹಣ್ಣು, ನೊಣ. ಲಾರಿಗೆ ಹಣ್ಣು ತುಂಬುತ್ತಿದ್ದ ಒಬ್ಬನನ್ನು ಕುತ್ತಿಗೆಯಲ್ಲಿ ಗೆರೆ ಇರುವ ಬೆಕ್ಕನ್ನು ನೋಡಿದ್ದೀಯಾ ಎಂದು ಕೇಳಿದೆ. "ಇಲ್ಲಿ ನಾಯಿಗಳು ಬೆಕ್ಕನ್ನ ಎಲ್ಲಮ್ಮ ಉಳಿಸ್ತವೆ" ಅಂದ.

ಅಷ್ಟರಲ್ಲಿ ಅತ್ತೆ ಹೊಸ ಮರಿಯೊಂದನ್ನು ತಂದಿದ್ದರು, ಪೂರ್ತಿ ಬಿಳಿಯದು. ಅದಕ್ಕೂ "ತಲ್ಲೀ" ಎಂದೇ ಕರೆದರು. ದೃಷ್ಟಿಯಾಗದಿರಲೆಂದು ಅದರ ಹಣೆಗೆ ಕಾಡಿಗೆ ಇಟ್ಟರು. ಕುತ್ತಿಗೆಗೆ ಮಾತ್ರ ಏನೂ ಕಟ್ಟಲಿಲ್ಲ. ನಾನು ಅದನ್ನು ಗಮನಿಸಿದ್ದನ್ನು ಅವರೂ ಗಮನಿಸಿದರು. ಅಂದಿನಿಂದ ಅವರು ನನ್ನನ್ನು ಇನ್ನಷ್ಟು ಬಿಗಿಯಾಗಿ ನಡೆಸಿಕೊಂಡರು.

ಎಂಬತ್ತರ ದಶಕದಲ್ಲಿ ನನ್ನ ಮಗಳು ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾದಳು. ಒಂದು ಸಂಜೆ ನಾವೆಲ್ಲ ಪಡಸಾಲೆಯಲ್ಲಿ ಕೂತು ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದೆವು. ಅವಳು ಬೀದಿಯಿಂದ ಬಂದು ನನ್ನ ಮುಂದೆ ನಿಂತಳು.

"ಅಮ್ಮ, ನೀನು ಬೆಕ್ಕಿನ ಕುತ್ತಿಗೆಗೆ ದಾರ ಬಿಗಿದಿದ್ಯಂತೆ, ಹೌದಾ?"

"ಇಲ್ಲ ಕಣೇ. ನಾನು ಈ ಮನೆಗೆ ಬರೋಕೆ ಮುಂಚೆ ಕಟ್ಟಿದ್ ದಾರ ಅದು."

ಅತ್ತೆ ಗೂಡು ಬಿಡಿಸುವ ಕೈ ನಿಲ್ಲಿಸಲಿಲ್ಲ. "ಹಂಗಾದ್ರೆ ನಾನ್ ಕಟ್ಟಿದ್ನಾ?" ಎಂದು ಕೇಳಿದರು. ನನ್ನನ್ನಲ್ಲ, ಮಗನನ್ನು.

ನನ್ನ ಗಂಡ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. "ಹಳೇ ಮಾತ್ಯಾಕಮ್ಮ ಈಗ" ಅಂದರು.

ಮಗಳು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಪಕ್ಕಕ್ಕೆ ಹೋಗಿ, ಅವರ ಮೊಣಕಾಲಿಗೆ ಒರಗಿ ಕೂತುಕೊಂಡಳು.