ತಿಮಿಂಗಿಲಕ್ಕೆ ಸುರಿಸಿದ ಕಣ್ಣೀರು

ಟೋಕಿಯೋದ ಕಾಂದಾದಲ್ಲಿ ನಮ್ಮ ವೀಡಿಯೋ ಗೇಮ್ ವಾರಪತ್ರಿಕೆ ನಡೆಯುತ್ತಿದ್ದಾಗ, ನನ್ನ ಎದುರು ಮೇಜಿನ ಕುರಾಮೊಚಿ ತೆತ್ಸುಜಿಯಷ್ಟು ಪ್ರಾಮಾಣಿಕ ವಿಮರ್ಶಕ ಇನ್ನೊಬ್ಬನಿರಲಿಲ್ಲ. ಆಡದ ಆಟದ ಬಗ್ಗೆ ಅವನು ಒಂದು ಸಾಲೂ ಬರೆದವನಲ್ಲ. ಪ್ರತಿಯೊಂದನ್ನೂ ಇಪ್ಪತ್ತು ನಿಮಿಷ ಆಡಿಯೇ ಬರೆಯುತ್ತಿದ್ದ.

ನಮ್ಮಲ್ಲಿ ಅಂಕ ಹತ್ತಕ್ಕೆ. ಒಂದರಿಂದ ಆರರವರೆಗಿನ ಅಂಕಿಗಳು ಅಲಂಕಾರಕ್ಕೆ. ಆಟ ಚೆನ್ನಾಗಿದ್ದರೆ ಒಂಬತ್ತು, ಜಾಹೀರಾತು ಚೆನ್ನಾಗಿದ್ದರೂ ಒಂಬತ್ತು, ಮುಟ್ಟಬಾರದಂಥದ್ದಕ್ಕೆ ಏಳು. ಏಳು ಅಂದರೆ ಬಿದ್ದಿದೆ ಎಂದರ್ಥ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ನಾವೂ ಸಭ್ಯರು, ಓದುಗರೂ ಸಭ್ಯರು, ಎಲ್ಲರಿಗೂ ಗೊತ್ತಿತ್ತು.

ಆ ಚಳಿಗಾಲ 'ಉಪ್ಪುದ್ವೀಪಗಳು' ಬಂತು. ನಮ್ಮ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಮಾಡುವವರೇ ಆಟ ಮುಗಿಸಿರಲಿಲ್ಲ, ಆಡುವವನು ಹೇಗೆ ಮುಗಿಸಿಯಾನು? ಕಂಪನಿಯವರು ಅರೆಬೆಂದ ಡಿಸ್ಕಿನ ಜೊತೆ ಕಥಾಸಾರದ ಹಾಳೆಯನ್ನೂ ಒಂದು ಡಬ್ಬಿ ಅಕ್ಕಿ ಬಿಸ್ಕತ್ತನ್ನೂ ಕಳಿಸಿದ್ದರು. ಕುರಾಮೊಚಿ ಡಬ್ಬಿಯನ್ನು ಕೊನೆಯವರೆಗೂ ಮುಗಿಸಿದ. ಹಾಳೆ ನೋಡಿ ಬರೆದ: "ಕೊನೆಯ ದ್ವೀಪದಲ್ಲಿ ಮುದಿ ತಿಮಿಂಗಿಲ ಕಣ್ಣು ಮುಚ್ಚಿದಾಗ ಅತ್ತುಬಿಟ್ಟೆ. ಒಂಬತ್ತು."

ಮಾರ್ಚಿನಲ್ಲಿ ಪತ್ರ ಬಂತು. ಬರೆದವರು ನೆಜು ಹಾತ್ಸುಎ ಎಂಬ ಅಜ್ಜಿ, ನಿವೃತ್ತ ಟ್ರಾಂ ಕಂಡಕ್ಟರ್. ಹನ್ನೆರಡು ವರ್ಷದಿಂದ ಕುರಾಮೊಚಿಯನ್ನು 'ಸೆನ್ಸೇ', ಅಂದರೆ ಗುರುಗಳೇ, ಎಂದು ಕರೆದು ಹೊಸವರ್ಷದ ಕಾರ್ಡು ಕಳಿಸುತ್ತಿದ್ದ ಒಬ್ಬರೇ ಒಬ್ಬ ಓದುಗರು. ಕಾರ್ಡುಗಳೆಲ್ಲ ಅವನ ಮೇಜಿನ ಗಾಜಿನಡಿ ಇದ್ದವು. ಬೇರೆ ಪ್ರಶಸ್ತಿ ಅವನಿಗೆ ಬಂದಿರಲಿಲ್ಲ.

"ಕಾಲು ಮುರಿದು ಮಲಗಿದ್ದೇನೆ. ನಿಮ್ಮ ಮಾತು ನಂಬಿ ಕೊಂಡೆ. ಮೂರು ಸಲ ಮುಗಿಸಿದೆ. ಸೂರ್ಯ ಮುಳುಗುತ್ತಾನೆ, ಆಟ ಮಾಡಿದವರ ಹೆಸರುಗಳು ಬರುತ್ತವೆ, ತಿಮಿಂಗಿಲ ಬರುವುದಿಲ್ಲ. ನನ್ನಿಂದ ಏನು ತಪ್ಪಾಯಿತು, ಸೆನ್ಸೇ?"

ಸಂಪಾದಕ ಒನೊದೆರಾ ನಕ್ಕ. "ಅದು ಗುಟ್ಟು, ಹುಡುಕ್ತಾ ಇರಿ ಅಂತ ಬರ್ದು ಬಿಸಾಕಯ್ಯ. ಮುರಿದ ಕಾಲು, ಅಜ್ಜಿಗೂ ಹೊತ್ತು ಹೋಗತ್ತೆ."

"ಹುಡುಕ್ತಾರೆ ಸಾರ್ ಅವ್ರು. ಅದೇ ಕಷ್ಟ," ಎಂದ ಕುರಾಮೊಚಿ.

ಕುರಾಮೊಚಿ ಜೀವನದಲ್ಲಿ ಮೊದಲ ಬಾರಿಗೆ ಒಂದು ಆಟವನ್ನು ಪೂರ್ತಿ ಆಡಿದ. ನಾಲ್ಕು ದಿನ ಹಿಡಿಯಿತು. ತಿಮಿಂಗಿಲ ಇರಲಿಲ್ಲ. ಕಂಪನಿಗೆ ಫೋನು ಮಾಡಿದ.

"ಓ, ಅದಾ? ಟೈಮ್ ಸಾಲ್ಲಿಲ್ಲ, ಕತ್ತರಿಸಿಬಿಟ್ವಿ. ನೀವು ಅತ್ತಿದ್ದು ಓದಿ ನಮಗೇ ಅಯ್ಯೋ ಅನ್ನಿಸ್ತು."

ಭಾನುವಾರ ಅವನು ಒಂದು ಪೊಟ್ಟಣ ಸಿಹಿ ಹಿಡಿದು, ಧೈರ್ಯಕ್ಕೆ ನನ್ನನ್ನೂ ಹಿಡಿದು, ನೆಜು ಅವರ ಮನೆಗೆ ಹೋದ. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದ ಆಕೆಯ ಮುಖ ಅರಳಿತು.

"ಬನ್ನಿ ಬನ್ನಿ ಸೆನ್ಸೇ. ಸಿಕ್ತಾ?"

ಕುರಾಮೊಚಿ ಚಾಪೆಗೆ ಹಣೆ ಹಚ್ಚಿದ. "ಇಲ್ಲ ನೆಜು-ಸಾನ್. ಅದು ಇಲ್ವೇ ಇಲ್ಲ. ನಾನು ಎರಡನೇ ದ್ವೀಪಾನೇ ದಾಟಿರ್ಲಿಲ್ಲ."

"ಮತ್ತೆ ಅತ್ತಿದ್ದು?"

"ಅಳ್ಲಿಲ್ಲ."

ಆಕೆ ಸಾವಧಾನವಾಗಿ ಚಹಾ ಬಗ್ಗಿಸಿದರು. "ಟಿಕೆಟ್ ಇಲ್ದೋರ ಮುಖಾನ ಮೂವತ್ತು ವರ್ಷ ನೋಡಿದೀನಿ. ನಿಮ್ದು ಆ ಥರದ್ದಲ್ಲ ಅಂದ್ಕೊಂಡಿದ್ದೆ."

"ಈಗ ಪೂರ್ತಿ ಆಡಿದೀನಿ. ಸೂರ್ಯ ಮುಳುಗೋದು... ಅದು ನಿಜವಾಗ್ಲೂ ಚೆನ್ನಾಗಿದೆ."

"ಹೌದು ಕಣ್ರೀ. ಅದನ್ನೇ ಬರೀಬಹುದಿತ್ತಲ್ಲ?"

ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಕುರಾಮೊಚಿ ತಡವರಿಸಿದ. "ಮುಂದಿನ ವರ್ಷದ ಕಾರ್ಡು...?"

ನೆಜು ಬಹಳ ಸಭ್ಯವಾಗಿ ನಕ್ಕರು. "ಕ್ಷಮೆ ಕೇಳಿದ್ದು ಚೆನ್ನಾಗಿತ್ತು, ಸೆನ್ಸೇ. ಹತ್ತಕ್ಕೆ ಏಳು ಕೊಡ್ತೀನಿ."

ಕುರಾಮೊಚಿಗೆ ದೂರಲು ದಾರಿ ಇರಲಿಲ್ಲ. ಆಕೆ ಪೂರ್ತಿ ಕೇಳಿದ ಮೇಲೆಯೇ ಅಂಕ ಕೊಟ್ಟಿದ್ದರು.